ಬಿಲ್ಲು ಹಿಡಿದು ಎಲ್ಕ್ ಬೇಟೆ: ಗೈಡ್‌ಗೆ ಕೊಡುವ ಹಣ ಯಾವ ರಾಜ್ಯದಲ್ಲಿ ಸಾರ್ಥಕ?

ಅಮೆರಿಕದಲ್ಲಿ ಬಿಲ್ಲಿನಿಂದ ಎಲ್ಕ್ ಬೇಟೆಯಾಡಲು ಗೈಡ್ ಜೊತೆ ಹೋಗಬೇಕೆಂದು ನಿರ್ಧರಿಸಿದವರು ಸಾಮಾನ್ಯವಾಗಿ ಮೊದಲು ಮಾಡುವ ಕೆಲಸವೆಂದರೆ, ಗೈಡ್, ಡೇರೆ, ಊಟಗಳ ಸಮೇತ ಬೇಟೆಯ ವ್ಯವಸ್ಥೆ ಮಾಡಿಕೊಡುವ ಔಟ್‌ಫಿಟರ್‌ಗಳ ಜಾಹೀರಾತು ತೆರೆದು, ಅಗಲವಾದ ಕೊಂಬುಗಳ ಪಕ್ಕ ಮಂಡಿಯೂರಿ ಕುಳಿತವರ ಫೋಟೊಗಳನ್ನು ಒಂದೊಂದಾಗಿ ನೋಡುವುದು. ಆಯ್ಕೆಯನ್ನು ಅಲ್ಲಿಂದ ಆರಂಭಿಸಬಾರದು. ಯಾವ ರಾಜ್ಯ, ಅಲ್ಲಿನ ಲೈಸೆನ್ಸ್ ಪದ್ಧತಿ ಎಂಥದ್ದು, ಆ ನೆಲಕ್ಕೆ ಗೈಡ್ ಇಲ್ಲದೆ ಹೋಗಲು ಸಾಧ್ಯವೇ ಎಂಬ ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲಷ್ಟೇ ಔಟ್‌ಫಿಟರ್‌ನ ಹೆಸರು ಮುಖ್ಯವಾಗುತ್ತದೆ. ಟೆಕ್ಸಾಸ್‌ನಲ್ಲಿ ನೆಲೆಸಿ, ಕೊಲೊರಾಡೊ, ವಯೋಮಿಂಗ್ ಮತ್ತು ನ್ಯೂ ಮೆಕ್ಸಿಕೊಗಳಲ್ಲಿ ಗೈಡ್‌ಗಳ ಜೊತೆ ಬೇಟೆಯಾಡಿರುವ ನನ್ನ ಅಭಿಪ್ರಾಯ ಇದು: ಕಾನೂನಿನ ಕಾರಣದಿಂದಲೋ ನೆಲದ ದುರ್ಗಮತೆಯಿಂದಲೋ ನಮ್ಮಷ್ಟಕ್ಕೆ ನಾವೇ ಹೋಗಲಾಗದ ಕಡೆಗೆ ಗೈಡ್ ಕರೆದೊಯ್ಯುವಂತಿದ್ದರೆ ಅವನಿಗೆ ಕೊಡುವ ದೊಡ್ಡ ಮೊತ್ತ ಸಾರ್ಥಕ, ಯಾರು ಬೇಕಾದರೂ ಗಾಡಿ ನಿಲ್ಲಿಸಿ ನಡೆದುಹೋಗಬಹುದಾದ ಕಾಡಿನಲ್ಲಿ ಅದೇ ಮೊತ್ತ ಕೊಡುವುದು ಬಹುತೇಕ ದಂಡ.

ವಿಷಯಕ್ಕೆ ಹೊಸಬರಾದವರಿಗಾಗಿ ಒಂದೆರಡು ಮಾತು ಅಗತ್ಯ. ಎಲ್ಕ್ ನಮ್ಮ ಕಡವೆಯ ಹತ್ತಿರದ ಸಂಬಂಧಿ, ಸಾಮಾನ್ಯವಾಗಿ ಅದಕ್ಕಿಂತ ದೊಡ್ಡದಾಗಿ ಬೆಳೆಯುವ ಪ್ರಾಣಿ. ರಾಕಿ ಪರ್ವತಗಳ ಪ್ರೌಢ ಗಂಡು 300 ಕೆಜಿಗಿಂತ ಹೆಚ್ಚು ತೂಗುವುದು ಅಪರೂಪವಲ್ಲ. ಸೆಪ್ಟೆಂಬರ್ ಅದರ ಬೆದೆಗಾಲ. ಆ ದಿನಗಳಲ್ಲಿ ಗಂಡು ಎಲ್ಕ್ ಕೆಳಸ್ವರದಲ್ಲಿ ಆರಂಭಿಸಿ, ಸೀಟಿಯಂತೆ ಮೇಲಕ್ಕೇರಿಸಿ, ಕೊನೆಯಲ್ಲಿ ಎದೆಯಾಳದಿಂದ ಹುಂಕರಿಸುವ ಕೂಗು ಒಂದು ಕಣಿವೆಯಿಂದ ಇನ್ನೊಂದಕ್ಕೆ ಕೇಳಿಸುತ್ತದೆ. ಪಶ್ಚಿಮದ ಬಹುತೇಕ ರಾಜ್ಯಗಳು ಈ ವಾರಗಳನ್ನು ಬಿಲ್ಲುಗಾರರಿಗೆ ಬಿಟ್ಟುಕೊಟ್ಟು, ಬಂದೂಕಿನವರಿಗೆ ಮುಖ್ಯವಾಗಿ ಅಕ್ಟೋಬರ್ ಮತ್ತು ನವೆಂಬರ್ ಕೊಡುತ್ತವೆ. ಕೂಗಿಗೆ ಮರುಕೂಗು ಕೊಟ್ಟು ಪ್ರಾಣಿಯನ್ನು ನಲವತ್ತು ಗಜದೊಳಕ್ಕೆ ಕರೆಸಿಕೊಳ್ಳುವ ಅವಕಾಶ ಬಿಲ್ಲುಗಾರರಿಗೇ ಹೆಚ್ಚಾಗಿ ದಕ್ಕುವುದು ಈ ಕಾರಣದಿಂದ, ಮತ್ತು ಗೈಡ್‌ಗೆ ನಾವು ಕೊಡುವ ಹಣ ಮುಖ್ಯವಾಗಿ ಆ ನಲವತ್ತು ಗಜಕ್ಕಾಗಿಯೇ.

ಆ ಹಣ ಸಣ್ಣದಲ್ಲ. ಸರ್ಕಾರಿ ಕಾಡಿನಲ್ಲಿ ಐದಾರು ದಿನಗಳ ಪೂರ್ಣ ಗೈಡ್ ಸೇವೆ, ಊಟ ಮತ್ತು ಡೇರೆ ಸೇರಿ, ಸುಮಾರು 5,000ದಿಂದ 10,000 ಡಾಲರ್ ಆಗುತ್ತದೆ. ಒಳ್ಳೆಯ ಖಾಸಗಿ ರ‍್ಯಾಂಚ್‌ಗಳಲ್ಲಿ ಅದಕ್ಕೂ ಮೇಲೆ. ಇದರ ಮೇಲೆ ಹೊರರಾಜ್ಯದವರ ಲೈಸೆನ್ಸ್ ಶುಲ್ಕ, ಗೈಡ್‌ಗೂ ಅಡುಗೆಯವರಿಗೂ ಕೊಡಬೇಕಾದ ಶೇ 10ರಿಂದ 20ರಷ್ಟು ಟಿಪ್ಸ್, ಮಾಂಸ ಕತ್ತರಿಸಿ ಕಟ್ಟಿಕೊಡುವವರ ಖರ್ಚು ಬೇರೆ. ಇಷ್ಟು ಕೊಟ್ಟರೂ ಬರಿಗೈಯಲ್ಲಿ ಹಿಂತಿರುಗುವ ಸಾಧ್ಯತೆಯೇ ಹೆಚ್ಚು ಎಂಬುದನ್ನು ಹೊರಡುವ ಮೊದಲೇ ಒಪ್ಪಿಕೊಂಡಿರಬೇಕು. ಕೊಲೊರಾಡೊದಲ್ಲಿ ಗೈಡ್ ಇದ್ದವರು, ಇಲ್ಲದವರು ಎಲ್ಲರನ್ನೂ ಸೇರಿಸಿದರೆ ಬಿಲ್ಲಿನಿಂದ ಎಲ್ಕ್ ಪಡೆಯುವವರು ಹತ್ತರಲ್ಲಿ ಒಬ್ಬರ ಆಸುಪಾಸು. ಒಳ್ಳೆಯ ಔಟ್‌ಫಿಟರ್ ಜೊತೆ ಹೋದರೆ ಈ ಪ್ರಮಾಣ ಏರುತ್ತದೆ, ಆದರೆ ಅದು ಖಾತರಿಯ ಮಟ್ಟಕ್ಕೆ ಎಂದೂ ಬರುವುದಿಲ್ಲ. ಖಾತರಿ ಕೊಡುವವರ ವಿಷಯಕ್ಕೆ ಮುಂದೆ ಬರುತ್ತೇನೆ.

ಕೊಲೊರಾಡೊದಿಂದ ಆರಂಭಿಸುವುದು ನ್ಯಾಯ, ಏಕೆಂದರೆ ಬಹುತೇಕರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. 2,80,000ಕ್ಕೂ ಹೆಚ್ಚು ಎಲ್ಕ್‌ಗಳಿರುವ ಈ ರಾಜ್ಯದಷ್ಟು ದೊಡ್ಡ ಸಂಖ್ಯೆ ಬೇರೆಲ್ಲೂ ಇಲ್ಲ. ಬಿಲ್ಲಿನ ಋತು ಸೆಪ್ಟೆಂಬರ್ 2ರಿಂದ 30ರವರೆಗೆ. ಹಲವು ದಶಕ ಇಲ್ಲಿನ ಆಕರ್ಷಣೆಯೇನೆಂದರೆ, ಹೊರರಾಜ್ಯದವರು ಯಾವ ಲಾಟರಿಯೂ ಇಲ್ಲದೆ ಅಂಗಡಿಗೆ ಹೋಗಿ ಲೈಸೆನ್ಸ್ ಕೊಂಡು ನೇರವಾಗಿ ಕಾಡಿಗೆ ಹೋಗಬಹುದಿತ್ತು. ಅದರ ಫಲವಾಗಿ ಸೆಪ್ಟೆಂಬರ್‌ನ ಪ್ರತಿ ಕಾಡುರಸ್ತೆಯ ಕೊನೆಯಲ್ಲೂ ಬೇರೆ ಬೇರೆ ರಾಜ್ಯಗಳ ನಂಬರ್ ಪ್ಲೇಟ್‌ಗಳ ಸಾಲು. 2025ರಿಂದ ಅಂತರರಾಜ್ಯ ಹೆದ್ದಾರಿ 25ರ ಪಶ್ಚಿಮದ ಪ್ರದೇಶದಲ್ಲಿ ಹೊರರಾಜ್ಯದ ಬಿಲ್ಲುಗಾರರೂ ಲೈಸೆನ್ಸ್ ಲಾಟರಿಯಾದ ಡ್ರಾಗೆ ಅರ್ಜಿ ಹಾಕಲೇಬೇಕೆಂಬ ನಿಯಮ ಬಂತು. ದಟ್ಟಣೆ ಕಡಿಮೆ ಮಾಡುವ ದೃಷ್ಟಿಯಿಂದ ಇದು ಬೇಕಾಗಿದ್ದ ಕ್ರಮ. ಆದರೂ ಸ್ಥಳೀಯರಿಗೆ ಆ ಮಿತಿಯನ್ನು ಹಾಕಲಿಲ್ಲ. ಜೊತೆಗೆ ಸೆಪ್ಟೆಂಬರ್ ಮಧ್ಯದಲ್ಲಿ ಒಂಬತ್ತು ದಿನ ಮದ್ದುತುಂಬುವ ಹಳೆಯ ಮಾದರಿಯ ಬಂದೂಕಿನವರೂ ಅದೇ ಕಾಡಿಗೆ ಬರುತ್ತಾರೆ.

ಈ ರಾಜ್ಯದ ಸರ್ಕಾರಿ ಕಾಡಿನಲ್ಲಿ ನಾನು ಪಡೆದ ಗೈಡ್ ಸೇವೆಯ ಬಗ್ಗೆ ಸಮಾಧಾನವಿಲ್ಲ. ಡೇರೆ ಚೆನ್ನಾಗಿತ್ತು, ಊಟ ಚೆನ್ನಾಗಿತ್ತು, ಗೈಡ್ ಆಗಿದ್ದ ಯುವಕ ಪ್ರಾಮಾಣಿಕನಾಗಿದ್ದ. ಆದರೆ ಒಪ್ಪಂದದಲ್ಲಿ ಒಬ್ಬ ಬೇಟೆಗಾರನಿಗೆ ಒಬ್ಬ ಗೈಡ್ ಎಂದಿದ್ದದ್ದು ಅಲ್ಲಿಗೆ ಹೋದ ಮೇಲೆ ಇಬ್ಬರಿಗೆ ಒಬ್ಬ ಎಂದಾಯಿತು. ಕತ್ತಲಲ್ಲಿ ಎರಡು ಗಂಟೆ ಹತ್ತಿ ದಿಣ್ಣೆಯ ಮೇಲೆ ನಿಂತು ಅವನು ಕೂಗು ಹಾಕಿದಾಗ ಕೆಳಗಿನ ಆಸ್ಪೆನ್ ತೋಪಿನಿಂದ ಬಂದ ಉತ್ತರ ಎಲ್ಕ್‌ನದಾಗಿರಲಿಲ್ಲ; ನಮ್ಮಂತೆಯೇ ಪ್ಲಾಸ್ಟಿಕ್ ಕೊಳವೆ ಊದುತ್ತಿದ್ದ ಇನ್ನೊಂದು ತಂಡದ್ದು. ದಿನವೂ ಹತ್ತಾರು ಜನರ ಕೃತಕ ಕೂಗು ಕೇಳಿದ ಗಂಡು ಎಲ್ಕ್‌ಗಳು ಬಾಯಿ ಮುಚ್ಚಿಕೊಂಡು ದಟ್ಟ ಮರಗಳ ಒಳಕ್ಕೆ ಸರಿದುಬಿಡುತ್ತವೆ. ಅಂಥ ಕಡೆ ಗೈಡ್‌ನ ಕಲೆಗೆ ಕೆಲಸವೇ ಇರುವುದಿಲ್ಲ. ಕೊಲೊರಾಡೊದಲ್ಲಿ ಗೈಡ್‌ಗೆ ಹಣ ಕೊಡುವುದಾದರೆ ಖಾಸಗಿ ರ‍್ಯಾಂಚ್‌ನಲ್ಲಿ, ಜಮೀನು ಮಾಲೀಕರಿಗೆ ಸಿಗುವ ವೋಚರ್ (ಲೈಸೆನ್ಸ್ ಕೊಳ್ಳುವ ಹಕ್ಕಿನ ಚೀಟಿ) ಮೂಲಕ ಬೇಟೆಯಾಡಿಸುವವರಿಗೆ ಕೊಡಿ. ಸರ್ಕಾರಿ ಕಾಡೇ ಸಾಕು ಎನ್ನುವವರು ಕುದುರೆಗಳ ಮೇಲೆ ಡೇರೆ ಸಾಮಾನು ಸಾಗಿಸಿ ಬಿಟ್ಟುಬರುವ, ಬೇಟೆಯನ್ನು ನಮಗೇ ಬಿಡುವ ‘ಡ್ರಾಪ್ ಕ್ಯಾಂಪ್’ ತೆಗೆದುಕೊಂಡು ಉಳಿದ ಹಣ ಉಳಿಸಿಕೊಳ್ಳುವುದು ಮೇಲು.

ವಯೋಮಿಂಗ್‌ನ ಕಥೆ ಪೂರ್ತಿ ಬೇರೆ. ರಸ್ತೆ, ವಾಹನಗಳಿಲ್ಲದ ಕಾಡಾಗಿಯೇ ಉಳಿಸಲು ಕೇಂದ್ರ ಸರ್ಕಾರ ವಿಲ್ಡರ್‌ನೆಸ್ ಎಂದು ಘೋಷಿಸಿರುವ ಪ್ರದೇಶಗಳಲ್ಲಿ ಹೊರರಾಜ್ಯದವರು ದೊಡ್ಡ ಪ್ರಾಣಿಗಳನ್ನು ಬೇಟೆಯಾಡಬೇಕಾದರೆ ಲೈಸೆನ್ಸ್ ಪಡೆದ ಗೈಡ್ ಇರಲೇಬೇಕು, ಇಲ್ಲವೇ ಉಚಿತ ಪರವಾನಗಿ ಪಡೆದು ಜೊತೆಗೆ ಬರುವ ಆ ರಾಜ್ಯದ ನಿವಾಸಿಯೊಬ್ಬರು ಬೇಕು. ಔಟ್‌ಫಿಟರ್‌ಗಳ ಹಿತಕ್ಕಾಗಿ ಮಾಡಿದ ಕಾನೂನು ಎಂದು ಇದನ್ನು ಟೀಕಿಸುವವರು ಬಹಳ, ಆ ಟೀಕೆಯಲ್ಲಿ ಹುರುಳೂ ಇದೆ: ಅದೇ ನೆಲದಲ್ಲಿ ಹೊರರಾಜ್ಯದವರು ಗೈಡ್ ಇಲ್ಲದೆ ಚಾರಣ ಮಾಡಬಹುದು, ಮೀನು ಹಿಡಿಯಬಹುದು. ಆದರೆ ಗ್ರಾಹಕನ ದೃಷ್ಟಿಯಿಂದ ನೋಡಿದರೆ ಪರಿಣಾಮ ಸ್ಪಷ್ಟ. ಬ್ರಿಡ್ಜರ್, ಟೀಟನ್, ವಾಶಾಕಿ, ನಾರ್ತ್ ಅಬ್ಸರೋಕ ವಿಲ್ಡರ್‌ನೆಸ್‌ಗಳ ಒಳಗೆ ಸೆಪ್ಟೆಂಬರ್‌ನಲ್ಲಿ ಜನ ಕಡಿಮೆ, ಕೂಗಿಗೆ ಉತ್ತರಿಸುವ ಎಲ್ಕ್‌ಗಳು ಹೆಚ್ಚು. ಟೀಟನ್ ವಿಲ್ಡರ್‌ನೆಸ್‌ನಿಂದ ಯೆಲ್ಲೊಸ್ಟೋನ್‌ನ ಆಗ್ನೇಯ ಮೂಲೆಯವರೆಗೆ ಹರಡಿರುವ ಥರೋಫೇರ್ ಎಂಬ ಪ್ರದೇಶ, ಅಲಾಸ್ಕ ಮತ್ತು ಹವಾಯಿ ಬಿಟ್ಟರೆ, ಇಡೀ ಅಮೆರಿಕದಲ್ಲಿ ರಸ್ತೆಯಿಂದ ಅತಿ ದೂರದ ಜಾಗವೆಂದು ಹೆಸರಾಗಿದೆ. ಅಲ್ಲಿಗೆ ಕುದುರೆಯ ಮೇಲೆ ಇಡೀ ದಿನ, ಕೆಲವೊಮ್ಮೆ ಅದಕ್ಕೂ ಹೆಚ್ಚು ಪ್ರಯಾಣ.

ನಾನು ಹೋದದ್ದು ಅಷ್ಟು ಒಳಕ್ಕಲ್ಲ, ಆದರೂ ಕುದುರೆಯಿಲ್ಲದೆ ತಲುಪಲಾಗದ ಡೇರೆಗೇ. ಅಲ್ಲಿ ಕಂಡ ಗೈಡ್‌ನ ಕೆಲಸವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಈ ಸೇವೆಯ ಬೆಲೆ ಏನೆಂದು ತಿಳಿಯುವುದು ಅದರಿಂದಲೇ. ಬೆಳಗಿನ ತಂಪಿನಲ್ಲಿ ಗಾಳಿ ಇಳಿಜಾರಿನಲ್ಲಿ ಕೆಳಮುಖವಾಗಿ ಹರಿಯುತ್ತದೆ; ಬಿಸಿಲೇರಿ ನೆಲ ಕಾದ ಮೇಲೆ ಅದೇ ಗಾಳಿ ಮೇಲ್ಮುಖವಾಗುತ್ತದೆ. ಈ ಎರಡರ ನಡುವಿನ ಸಂಧಿಕಾಲದಲ್ಲಿ ಗಾಳಿ ಸುತ್ತುತ್ತದೆ, ಆಗ ಹತ್ತಿರ ಹೋದರೆ ವಾಸನೆ ಹಿಡಿದು ಇಡೀ ಹಿಂಡು ಗುಡ್ಡ ದಾಟುತ್ತದೆ. ನಮ್ಮ ಗೈಡ್ ಎದುರಿಗೇ ಕೂಗುತ್ತಿದ್ದ ಗಂಡಿನತ್ತ ಹೋಗಲು ಒಪ್ಪದೆ, ಸಣ್ಣ ಪ್ಲಾಸ್ಟಿಕ್ ಶೀಷೆಯಿಂದ ಬಿಳಿ ಪುಡಿಯನ್ನು ಒಂದು ಚಿಟಿಕೆ ಗಾಳಿಗೆ ಬಿಡುತ್ತ, ಅದು ತೇಲುವ ದಿಕ್ಕು ನಿಲ್ಲುವವರೆಗೆ ಒಂದು ಬಿದ್ದ ಮರದ ಮರೆಯಲ್ಲಿ ನಮ್ಮನ್ನು ಕೂರಿಸಿಕೊಂಡೇ ಇದ್ದ. ಪುಡಿ ಒಂದೇ ಸಮನೆ ಮೇಲಕ್ಕೆ ಹೋಗತೊಡಗಿದ ಮೇಲೆ ನಾವು ಗುಡ್ಡದ ಮೇಲ್ಭಾಗಕ್ಕೆ ಸುತ್ತುಹಾಕಿ ಬಂದೆವು.

ಅಲ್ಲಿ ಅವನು ನನ್ನನ್ನು ಒಂದು ಸ್ಪ್ರೂಸ್ ಮರದ ಮುಂದೆ ನಿಲ್ಲಿಸಿದ, ಹಿಂದೆ ಅಲ್ಲ. ಮರ ಬೆನ್ನಿಗಿದ್ದರೆ ಆಕಾರ ಅದರಲ್ಲಿ ಕರಗುತ್ತದೆ, ಮುಂದಿದ್ದರೆ ಬಿಲ್ಲು ಎಳೆಯಲು ಜಾಗವಿರುವುದಿಲ್ಲ. ತಾನು ಐವತ್ತು ಗಜ ಹಿಂದಕ್ಕೆ ಹೋಗಿ ಹೆಣ್ಣೆಲ್ಕ್‌ನ ಮೆಲುಕೂಗು ಹಾಕಿ, ಒಣ ಕೊಂಬೆಯೊಂದನ್ನು ಮರದ ಕಾಂಡಕ್ಕೆ ಉಜ್ಜತೊಡಗಿದ. ಕೂಗು ಬಂದ ಜಾಗವನ್ನು ಕಣ್ಣಾರೆ ನೋಡುವ ಮೊದಲು ಗಂಡು ಎಲ್ಕ್ ಅರುವತ್ತು ಎಪ್ಪತ್ತು ಗಜ ದೂರದಲ್ಲಿ ನಿಂತುಬಿಡುವುದು ವಾಡಿಕೆ. ಕೂಗುವವನು ಹಿಂದಿದ್ದು ಬಿಲ್ಲುಗಾರ ಮುಂದಿದ್ದರೆ ಅದು ನಿಲ್ಲುವ ಜಾಗ ಬಾಣದ ಅಳತೆಗೆ ಸಿಗುತ್ತದೆ. ಮೊದಲು ಕಂಡದ್ದು ಕೊಂಬಿನ ತುದಿ, ಆಮೇಲೆ ಉಸಿರಿನ ಆವಿ, ಆಮೇಲೆ ಮೈಯೆಲ್ಲ ಕೆಸರಾಗಿದ್ದ ಪ್ರಾಣಿ. ಮೂವತ್ತು ಗಜದಲ್ಲಿ ಅದು ಎದುರುಮುಖವಾಗಿ ನಿಂತಿತು. ಆ ಭಂಗಿಯಲ್ಲಿ ಬಾಣ ಬಿಡಕೂಡದೆಂದು ಮೊದಲೇ ಮಾತಾಗಿದ್ದುದರಿಂದ ನಾನು ಬಿಲ್ಲೆಳೆಯಲಿಲ್ಲ. ಅದು ತಿರುಗಿ ಹೋಯಿತು. ಆ ಬೇಟೆಯಿಂದ ನಾನು ಕೊಂಬು ತರಲಿಲ್ಲ, ಆದರೂ ಕೊಟ್ಟ ಪ್ರತಿಯೊಂದು ಡಾಲರ್‌ಗೂ ಅಲ್ಲಿ ಸೇವೆ ಸಿಕ್ಕಿತು ಎಂದು ನಿಸ್ಸಂಕೋಚವಾಗಿ ಹೇಳುತ್ತೇನೆ.

ವಯೋಮಿಂಗ್‌ನ ಕಷ್ಟಗಳನ್ನೂ ಹೇಳಬೇಕು. ಹೊರರಾಜ್ಯದವರ ಸಾಮಾನ್ಯ ಎಲ್ಕ್ ಲೈಸೆನ್ಸ್ ಸುಮಾರು 700 ಡಾಲರ್. ಸ್ಪರ್ಧೆ ಕಡಿಮೆ ಎಂಬ ಕಾರಣಕ್ಕೆ ಕೆಲವರು ಆರಿಸಿಕೊಳ್ಳುವ ವಿಶೇಷ ಲೈಸೆನ್ಸ್ ಅದರ ಎರಡೂವರೆ ಪಟ್ಟಿಗಿಂತ ಹೆಚ್ಚು. ಬಿಲ್ಲಿನ ಋತುವಿಗೆ ಪ್ರತ್ಯೇಕ ಪರವಾನಗಿ ಬೇರೆ. ಲೈಸೆನ್ಸ್‌ಗಳ ಮುಕ್ಕಾಲು ಪಾಲು ಪ್ರತಿ ವರ್ಷ ಕೊಂಡು ಕೂಡಿಡುವ ಆದ್ಯತೆಯ ಪಾಯಿಂಟ್ ಹೆಚ್ಚಿರುವವರಿಗೆ, ಕಾಲು ಪಾಲು ಲಾಟರಿಗೆ. ಹಾಗಾಗಿ ಕೆಲವು ವರ್ಷ ಪಾಯಿಂಟ್ ಕೊಳ್ಳುತ್ತ ಕಾಯುವ ತಾಳ್ಮೆ ಬೇಕು. ವಾಯವ್ಯ ಭಾಗ ಗ್ರಿಜ್ಲಿ ಕರಡಿಗಳ ನೆಲ. ಸೊಂಟದಲ್ಲಿ ಕರಡಿ ಸ್ಪ್ರೇ, ಆಹಾರವನ್ನು ಮರಕ್ಕೆ ಎತ್ತಿ ಕಟ್ಟುವ ಇಲ್ಲವೇ ಕರಡಿ ತೆರೆಯಲಾಗದ ಪೆಟ್ಟಿಗೆಯಲ್ಲಿಡುವ ನಿಯಮ, ಮಾಂಸವನ್ನು ಆದಷ್ಟು ಬೇಗ ಸಾಗಿಸುವ ಆತುರ ಇವೆಲ್ಲ ಅಲ್ಲಿ ಪ್ರಾಣದ ಪ್ರಶ್ನೆ. ಇನ್ನೊಂದು ಸೂಕ್ಷ್ಮವಿದೆ: ಕೆಲವು ವಿಲ್ಡರ್‌ನೆಸ್ ಪ್ರದೇಶಗಳಲ್ಲಿ ಬಂದೂಕಿನ ಋತು ಸೆಪ್ಟೆಂಬರ್ ಮುಗಿಯುವ ಮೊದಲೇ ಆರಂಭವಾಗುತ್ತದೆ. ಔಟ್‌ಫಿಟರ್ ಕೊಡುವ ದಿನಾಂಕಗಳು ಬಿಲ್ಲಿನವರಿಗಷ್ಟೇ ಮೀಸಲಾದ ದಿನಗಳೇ ಎಂದು ಆ ಬೇಟೆ ಪ್ರದೇಶಕ್ಕೆ ರಾಜ್ಯ ಕೊಟ್ಟಿರುವ ಸಂಖ್ಯೆ ಹಿಡಿದು ಪರಿಶೀಲಿಸದೆ ಮುಂಗಡ ಕೊಡಬೇಡಿ.

ನ್ಯೂ ಮೆಕ್ಸಿಕೊದಲ್ಲಿ ಗೈಡ್‌ನ ಮೌಲ್ಯ ನೆಲಕ್ಕಿಂತ ಹೆಚ್ಚಾಗಿ ಲಾಟರಿಯಲ್ಲಿ ಅಡಗಿದೆ. ಆ ರಾಜ್ಯ ಡ್ರಾ ಮೂಲಕ ಕೊಡುವ, ಒಂದು ಪ್ರಾಣಿಗೆ ಸೀಮಿತವಾದ ಬೇಟೆ ಅನುಮತಿಗಳಾದ ಟ್ಯಾಗ್‌ಗಳಲ್ಲಿ ಶೇ 84ನ್ನು ಸ್ಥಳೀಯರಿಗೂ, ಶೇ 10ನ್ನು ಔಟ್‌ಫಿಟರ್ ಜೊತೆ ಮೊದಲೇ ಒಪ್ಪಂದ ಮಾಡಿಕೊಂಡವರಿಗೂ, ಶೇ 6ನ್ನು ಗೈಡ್ ಇಲ್ಲದ ಹೊರರಾಜ್ಯದವರಿಗೂ ಹಂಚುತ್ತದೆ. ಶೇ 6ರ ಗುಂಪಿನಲ್ಲಿ ನೂಕುನುಗ್ಗಲು ಹೆಚ್ಚು. ಶೇ 10ರ ಗುಂಪಿಗೆ ಸೇರಲು ಖರ್ಚು ಹೆಚ್ಚಾದ್ದರಿಂದ ಅರ್ಜಿದಾರರು ಕಡಿಮೆ. ಪಾಯಿಂಟ್ ಪದ್ಧತಿಯೇ ಇಲ್ಲದಿರುವುದರಿಂದ ಹೊಸಬನಿಗೂ ಇಪ್ಪತ್ತು ವರ್ಷ ಕಾದವನಿಗೂ ಅವಕಾಶ ಒಂದೇ. ತಡವಾಗಿ ಈ ಹವ್ಯಾಸಕ್ಕೆ ಬಂದ, ಬೇರೆ ರಾಜ್ಯಗಳಲ್ಲಿ ಪಾಯಿಂಟ್ ಕೂಡಿಸದ ನನ್ನಂಥವರಿಗೆ ಇದಕ್ಕಿಂತ ನ್ಯಾಯವಾದ ಪದ್ಧತಿ ಇನ್ನೊಂದಿಲ್ಲ. ಟ್ಯಾಗ್ ಬರದಿದ್ದರೆ ಔಟ್‌ಫಿಟರ್ ಮುಂಗಡವನ್ನು ಹಿಂತಿರುಗಿಸುತ್ತಾನೋ, ಮುಂದಿನ ವರ್ಷಕ್ಕೆ ಉಳಿಸಿಕೊಳ್ಳುತ್ತಾನೋ ಎಂಬುದು ಒಪ್ಪಂದದಲ್ಲಿ ಬರೆದಿರಬೇಕು, ಬಾಯಿಮಾತಿಗೆ ಬಿಡಬಾರದು.

ಆ ರಾಜ್ಯದ ನೈರುತ್ಯದಲ್ಲಿರುವ ಗೀಲಾ ಕಾಡು ಬಿಲ್ಲುಗಾರರ ಆಸೆಯ ನೆಲ. 1924ರಲ್ಲಿ ಜಗತ್ತಿನಲ್ಲೇ ಮೊದಲ ವಿಲ್ಡರ್‌ನೆಸ್ ಪ್ರದೇಶವೆಂದು ಗುರುತಿಸಲಾದದ್ದು ಇದರೊಳಗಿನ ಭಾಗವನ್ನೇ. ಪಾಂಡೆರೋಸ ಪೈನ್, ಜೂನಿಪರ್, ಕೆಂಪು ಬಂಡೆಗಳ ಕಮರಿಗಳು, ಇವುಗಳ ನಡುವೆ ದೊಡ್ಡ ಕೊಂಬಿನ ಗಂಡುಗಳು. ಬಿಲ್ಲಿನ ಋತುವನ್ನು ಸಾಮಾನ್ಯವಾಗಿ ಸೆಪ್ಟೆಂಬರ್ 1ರಿಂದ 14 ಮತ್ತು 15ರಿಂದ 24 ಎಂದು ಎರಡು ಭಾಗ ಮಾಡುತ್ತಾರೆ. ಎರಡನೆಯ ಭಾಗದಲ್ಲಿ ಬೆದೆ ಜೋರಾಗಿರುವುದರಿಂದ ಅದಕ್ಕೆ ಸ್ಪರ್ಧೆಯೂ ಜೋರು. ಮೊದಲ ಭಾಗವನ್ನು ಕಡೆಗಣಿಸಬೇಡಿ ಎಂಬುದು ನನ್ನ ಸಲಹೆ: ಆಗ ಇನ್ನೂ ಬಿಸಿಲಿರುತ್ತದೆ, ಕೂಗು ಕಡಿಮೆ, ಆದರೆ ನೀರಿನ ಹೊಂಡಗಳ ಬಳಿ ಮರಸು ಕೂರುವ ಬೇಟೆ ಫಲ ಕೊಡುತ್ತದೆ. ಮಲೆನಾಡಿನಲ್ಲಿ ಹಿಂದೆ ನೀರಿನ ದಾರಿಯಲ್ಲಿ ಮರಸು ಕೂರುತ್ತಿದ್ದ ಹಿರಿಯರ ಮಾತು ಕೇಳಿ ಬೆಳೆದವರಿಗೆ ಆ ಕಾಯುವಿಕೆಯ ಶಿಸ್ತು ಹೊಸದೆನಿಸುವುದಿಲ್ಲ. ಜುಲೈ, ಆಗಸ್ಟ್‌ಗಳಲ್ಲಿ ಅಲ್ಲಿಗೂ ಮುಂಗಾರಿನಂಥ ಮಳೆ ಬರುತ್ತದೆ; ಮಳೆ ಹೆಚ್ಚಾದ ವರ್ಷ ಎಲ್ಲೆಲ್ಲೂ ನೀರಿರುವುದರಿಂದ ಹೊಂಡದ ಬಳಿ ಕೂತು ಪ್ರಯೋಜನವಿಲ್ಲ. ಅಂಥ ವರ್ಷದಲ್ಲಿ ಏನು ಮಾಡುತ್ತೀರಿ ಎಂದು ಔಟ್‌ಫಿಟರ್‌ನನ್ನು ಫೋನಿನಲ್ಲಿ ಕೇಳಿ ನೋಡಿ. ತನ್ನ ನೆಲ ಬಲ್ಲವನು ಯಾವ ಯಾವ ದಿಣ್ಣೆ, ಯಾವ ಕಮರಿ ಎಂದು ವಿವರಿಸತೊಡಗುತ್ತಾನೆ. ಅರಿಯದವನು ಕೊಂಬಿನ ಅಳತೆಯ ಮಾತಿಗೆ ಹಿಂತಿರುಗುತ್ತಾನೆ.

ಮೊಂಟಾನಾ ಮತ್ತು ಐಡಾಹೊಗಳಲ್ಲಿ ನಾನು ಬೇಟೆಯಾಡಿಲ್ಲವಾದ್ದರಿಂದ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಮೊಂಟಾನಾದ ಬಿಲ್ಲಿನ ಋತು ಸೆಪ್ಟೆಂಬರ್ ಮೊದಲ ವಾರದಿಂದ ಸುಮಾರು ಆರು ವಾರ. ಹೊರರಾಜ್ಯದವರಿಗೆ ಎಲ್ಕ್ ಸೇರಿದ ಸಂಯುಕ್ತ ಲೈಸೆನ್ಸ್‌ಗಳು 17,000 ಮಾತ್ರ, ಅರ್ಜಿಗೆ ಏಪ್ರಿಲ್ 1 ಕೊನೆಯ ದಿನ. ಐಡಾಹೊ ಬಹುಕಾಲ ಮೊದಲು ಬಂದವರಿಗೆ ಮೊದಲು ಎಂಬ ಕ್ರಮದಲ್ಲಿ ಹೊರರಾಜ್ಯದವರಿಗೆ ಟ್ಯಾಗ್ ಮಾರುತ್ತಿತ್ತು. 2026ರ ಋತುವಿನಿಂದ ಅಲ್ಲಿಯೂ ಡ್ರಾ. ಕೆಲವು ವಲಯಗಳಲ್ಲಿ ಔಟ್‌ಫಿಟರ್‌ಗಳಿಗೆಂದೇ ಮೀಸಲಿಟ್ಟ ಟ್ಯಾಗ್‌ಗಳು ಅಲ್ಲಿರುವುದರಿಂದ, ನ್ಯೂ ಮೆಕ್ಸಿಕೊದ ಮಾದರಿಯಲ್ಲೇ, ಗೈಡ್‌ಗೆ ಕೊಡುವ ಹಣ ಟ್ಯಾಗ್‌ನ ದಾರಿಯೂ ಆಗುತ್ತದೆ. ಅರಿಝೋನಾದ ಗಂಡುಗಳು ಬಹು ದೊಡ್ಡವು ನಿಜ, ಆದರೆ ಹೊರರಾಜ್ಯದವರಿಗೆ ಟ್ಯಾಗ್‌ಗಳಲ್ಲಿ ಶೇ 10ರ ಮಿತಿಯಿದ್ದು, ಒಳ್ಳೆಯ ಬೇಟೆ ವಲಯಗಳಿಗೆ ಕಾಯುವ ಅವಧಿ ಜೀವನದ ಯೋಜನೆಯನ್ನೇ ಬೇಡುವಷ್ಟು ಉದ್ದ. ಮೊದಲ ಬೇಟೆಗೆ ಅದನ್ನು ಆರಿಸಬೇಡಿ.

ಈಗ ಖಾತರಿಯ ವಿಷಯ. ‘ನೂರಕ್ಕೆ ನೂರು ಯಶಸ್ಸು’ ಎಂದು ಬರೆದುಕೊಂಡಿರುವ ಜಾಹೀರಾತು ಕಂಡರೆ, ಅದು ಎತ್ತರದ ಬೇಲಿಯೊಳಗೆ ಸಾಕಿದ ಎಲ್ಕ್‌ಗಳ ಜಾಗವೆಂದು ತಿಳಿಯಿರಿ. ಅಲ್ಲಿ ಲೈಸೆನ್ಸ್‌ನ ಲಾಟರಿಯೂ ಇರುವುದಿಲ್ಲ, ಬೆಲೆ ಕೊಂಬಿನ ಅಳತೆಗೆ ತಕ್ಕಂತೆ ಏರುತ್ತದೆ. ಬಿಲ್ಲಿನ ಬೇಟೆಯ ದಾಖಲೆ ಇಡುವ, 1961ರಲ್ಲಿ ಸ್ಥಾಪನೆಯಾದ ಪೋಪ್ ಆ್ಯಂಡ್ ಯಂಗ್ ಕ್ಲಬ್ ಬೇಲಿಯೊಳಗಿನ ಪ್ರಾಣಿಯನ್ನು ದಾಖಲೆಗೆ ಸೇರಿಸಿಕೊಳ್ಳುವುದಿಲ್ಲ. ವಯೋಮಿಂಗ್ ಹೊಸದಾಗಿ ಇಂಥ ಸಾಕಣೆಗೆ ಅವಕಾಶ ಕೊಡುವುದಿಲ್ಲ. ಮೊಂಟಾನಾದ ಮತದಾರರು 2000ದಲ್ಲಿ ಶುಲ್ಕ ಪಡೆದು ನಡೆಸುವ ಬೇಲಿಬೇಟೆಯನ್ನು ಮತ ಹಾಕಿ ನಿಲ್ಲಿಸಿದರು. ಒಂದು ಕಾಲದಲ್ಲಿ ಕೋಟಿಯ ಲೆಕ್ಕದಲ್ಲಿದ್ದು, 1900ರ ಸುಮಾರಿಗೆ ಒಂದು ಲಕ್ಷಕ್ಕಿಂತ ಕೆಳಗಿಳಿದಿದ್ದ ಎಲ್ಕ್ ಇಂದು ಮತ್ತೆ ಹತ್ತು ಲಕ್ಷದ ಆಸುಪಾಸಿಗೆ ಬಂದಿರುವುದು ಋತು, ಟ್ಯಾಗ್, ಮಿತಿಗಳ ಈ ಶಿಸ್ತಿನಿಂದ. 1937ರ ಪಿಟ್ಮನ್-ರಾಬರ್ಟ್‌ಸನ್ ಕಾಯ್ದೆಯ ಮೂಲಕ ಬೇಟೆಗಾರರ ಸಲಕರಣೆಗಳ ಮೇಲಿನ ತೆರಿಗೆಯೇ ವನ್ಯಜೀವಿ ಸಂರಕ್ಷಣೆಗೆ ಹರಿಯುತ್ತ ಬಂದಿರುವುದೂ ಅದಕ್ಕೆ ಕಾರಣ. ಆ ಶಿಸ್ತನ್ನು ಬದಿಗಿಟ್ಟು ಹಣದಿಂದ ಫಲವನ್ನು ಕೊಳ್ಳುವ ಬೇಲಿಯ ಜಾಗಗಳಿಗೆ ನಾನು ಒಂದು ಅಂಕವನ್ನೂ ಕೊಡಲಾರೆ.

ಖಾಸಗಿ ರ‍್ಯಾಂಚ್ ಎಂದರೆ ಬೇಲಿಯ ಜಾಗ ಎಂದು ತಪ್ಪಾಗಿ ತಿಳಿಯಬಾರದು. ಕಾಡಿನ ಎಲ್ಕ್‌ಗಳೇ ಜನರ ಕಾಟವಿಲ್ಲದ ಹುಲ್ಲುಗಾವಲಿಗೆ ಬಂದು ಸೇರುವ ವಿಶಾಲ ರ‍್ಯಾಂಚ್‌ಗಳು ಈ ಎಲ್ಲ ರಾಜ್ಯಗಳಲ್ಲೂ ಇವೆ. ಮಂಡಿನೋವಿನವರಿಗೆ, ವಯಸ್ಸಾದವರಿಗೆ, ಕುದುರೆ ಏರಲಾಗದವರಿಗೆ ನಾನು ಇದನ್ನೇ ಹೇಳುವುದು. ಬೆಲೆ ಹೆಚ್ಚು, ಆದರೆ ಸಂಜೆ ಮಂಚದ ಮೇಲೆ ಮಲಗಬಹುದು.

ರಾಜ್ಯ ನಿರ್ಧಾರವಾದ ಮೇಲೆ ಔಟ್‌ಫಿಟರ್‌ಗೆ ಕೇಳಬೇಕಾದ ಪ್ರಶ್ನೆಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು, ಹಿಂದಿನ ಋತುವಿನಲ್ಲಿ ಬಂದ ಬಿಲ್ಲುಗಾರರಲ್ಲಿ ಎಷ್ಟು ಜನರಿಗೆ ನಲವತ್ತು ಗಜದೊಳಗೆ ಅವಕಾಶ ಸಿಕ್ಕಿತು ಎಂಬುದು. ಎಷ್ಟು ಎಲ್ಕ್ ಬಿದ್ದವು ಎಂಬ ಲೆಕ್ಕದಲ್ಲಿ ಗ್ರಾಹಕರ ಗುರಿಯ ಗುಣವೂ ಬೆರೆತಿರುತ್ತದೆ. ಬಂದೂಕಿನವರನ್ನೂ ಸೇರಿಸಿ ಶೇಕಡಾವಾರು ತೋರಿಸುವವರೂ ಇದ್ದಾರೆ. ಹತ್ತಿರ ತಂದು ನಿಲ್ಲಿಸಿದ್ದು ಎಷ್ಟು ಸಲ ಎಂಬುದು ಮಾತ್ರ ಗೈಡ್‌ನ ಸ್ವಂತ ಗಳಿಕೆ. ಒಬ್ಬರಿಗೆ ಒಬ್ಬ ಗೈಡ್ ಎಂಬುದು ಒಪ್ಪಂದದಲ್ಲಿ ಅಕ್ಷರದಲ್ಲಿರಲಿ. ಕೂಗು ಹಾಕುವ ಗೈಡ್ ಒಬ್ಬನಿದ್ದು ಬಿಲ್ಲುಗಾರರು ಇಬ್ಬರಾದರೆ ಒಬ್ಬರು ಸದಾ ಪ್ರೇಕ್ಷಕರು. ಸರ್ಕಾರಿ ಕಾಡಿನಲ್ಲಿ ನಡೆಸುವವರ ಬಳಿ ಅರಣ್ಯ ಇಲಾಖೆಯ ವಿಶೇಷ ಬಳಕೆ ಪರವಾನಗಿ ಮತ್ತು ರಾಜ್ಯದ ನೋಂದಣಿ ಇರಬೇಕು. ಸಂಖ್ಯೆ ಕೇಳಿ ಪಡೆದು ಸಂಬಂಧಿಸಿದ ಮಂಡಳಿಯಲ್ಲಿ ತಾಳೆ ನೋಡಲು ಹತ್ತು ನಿಮಿಷ ಸಾಕು.

ಗಾಯಗೊಂಡ ಪ್ರಾಣಿಯ ಬಗೆಗಿನ ನಿಯಮವನ್ನು ಬಹಳ ಜನ ಓದದೆ ಸಹಿ ಹಾಕುತ್ತಾರೆ. ಬಾಣ ತಾಗಿ ರಕ್ತ ಕಂಡು, ಪ್ರಾಣಿ ಸಿಗದೆ ಹೋದರೂ ಬೇಟೆ ಮುಗಿಯಿತೆಂದು ಹಲವು ಔಟ್‌ಫಿಟರ್‌ಗಳು ಒಪ್ಪಂದದಲ್ಲಿ ಬರೆದಿರುತ್ತಾರೆ. ಇದು ಕಠಿಣವೆನಿಸಿದರೂ ಸರಿಯಾದ ನಿಯಮ ಎಂದೇ ನಾನು ಹೇಳುತ್ತೇನೆ, ಏಕೆಂದರೆ ಇದರಿಂದ ಬಿಲ್ಲುಗಾರ ದುಡುಕುವುದಿಲ್ಲ. ಇದರ ಜೊತೆಗೆ ಔಟ್‌ಫಿಟರ್‌ನ ಹೊಣೆಯನ್ನೂ ಕೇಳಿ: ಜಾಡು ಹಿಡಿದು ಹುಡುಕಲು ಎಷ್ಟು ಸಮಯ, ಎಷ್ಟು ಜನರನ್ನು ಕೊಡುತ್ತಾರೆ? ಎದೆಗೆ ತಾಗಿದ್ದರೆ ಅರ್ಧ ಗಂಟೆ ಕಾದು ಹೊರಡುವುದು, ಹೊಟ್ಟೆಗೆ ತಾಗಿದೆಯೆಂಬ ಅನುಮಾನವಿದ್ದರೆ ಹಲವು ಗಂಟೆ ಕಾಯುವುದು ಒಳ್ಳೆಯ ಗೈಡ್‌ಗಳ ಕ್ರಮ. ಈ ಪ್ರಶ್ನೆಗೆ ಬೇಸರಪಡುವವರ ಜೊತೆ ಹೋಗಬೇಡಿ.

ಮಾಂಸದ ವಿಷಯದಲ್ಲಿ ಗೈಡ್‌ನ ಸೇವೆ ಎಲ್ಲಿಗೆ ಮುಗಿಯುತ್ತದೆಂದೂ ತಿಳಿದಿರಬೇಕು. ಮೂಳೆ ಬಿಡಿಸಿದ ಮೇಲೂ ದೊಡ್ಡ ಗಂಡಿನಿಂದ ಸುಮಾರು 90ರಿಂದ 100 ಕೆಜಿ ಮಾಂಸ ಬರುತ್ತದೆ, ತಿನ್ನಲು ಯೋಗ್ಯವಾದದ್ದನ್ನು ಕಾಡಿನಲ್ಲಿ ಬಿಟ್ಟುಬರುವುದು ಅಪರಾಧ. ಸೆಪ್ಟೆಂಬರ್‌ನ ಮಧ್ಯಾಹ್ನದ ಬಿಸಿಲಿನಲ್ಲಿ ಅದು ಕೆಡಲು ಹೆಚ್ಚು ಹೊತ್ತು ಬೇಡ. ಕುದುರೆ, ಹೇಸರಗತ್ತೆಗಳಿರುವ ಔಟ್‌ಫಿಟರ್‌ಗೂ ಇಲ್ಲದವನಿಗೂ ಇರುವ ನಿಜವಾದ ವ್ಯತ್ಯಾಸ ತಿಳಿಯುವುದು ಆಗಲೇ. 1967ರಲ್ಲಿ ಕೊಲೊರಾಡೊದ ಫೋರ್ಟ್ ಕಾಲಿನ್ಸ್ ಬಳಿ ಮೊದಲು ಗುರುತಿಸಲಾದ ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಎಂಬ ಮಾರಕ ರೋಗ ಈಗ ಹಲವು ರಾಜ್ಯಗಳ ಜಿಂಕೆ, ಎಲ್ಕ್‌ಗಳಲ್ಲಿದೆ. ಮನುಷ್ಯರಿಗೆ ತಗಲಿದ ಪ್ರಕರಣ ದೃಢಪಟ್ಟಿಲ್ಲ, ಆದರೂ ಸೋಂಕಿತ ಪ್ರಾಣಿಯ ಮಾಂಸ ತಿನ್ನಬಾರದೆಂದು ಆರೋಗ್ಯ ಇಲಾಖೆಯ ಸಲಹೆಯಿದೆ. ಮಿದುಳು, ಬೆನ್ನುಹುರಿಯಿರುವ ಭಾಗಗಳನ್ನು ರಾಜ್ಯದ ಗಡಿ ದಾಟಿಸುವುದಕ್ಕೂ ನಿರ್ಬಂಧಗಳಿವೆ. ಮಾದರಿಯನ್ನು ಪರೀಕ್ಷೆಗೆ ಕಳುಹಿಸುವುದು, ತಲೆಬುರುಡೆ ಶುಚಿಗೊಳಿಸುವುದು ತಮ್ಮ ಸೇವೆಯಲ್ಲಿ ಸೇರಿದೆಯೇ ಎಂದು ಕೇಳಿ.

ಸಿದ್ಧತೆಯ ಬಗ್ಗೆ ನಮ್ಮವರಿಗೆ ಒಂದು ಮಾತು. ಬಿಲ್ಲಿನ ಎಳೆತೂಕಕ್ಕೆ (ಹೆದೆಯನ್ನು ಪೂರ್ತಿ ಎಳೆಯಲು ಬೇಕಾದ ಬಲಕ್ಕೆ) ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆ: ಕೊಲೊರಾಡೊ 35 ಪೌಂಡ್ ಸಾಕೆನ್ನುತ್ತದೆ, ವಯೋಮಿಂಗ್ ಎಲ್ಕ್‌ಗೆ 50 ಪೌಂಡ್ ಬೇಕೆನ್ನುತ್ತದೆ. ಕೊಲೊರಾಡೊದಲ್ಲಿ 1949ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಬೇಟೆ ಶಿಕ್ಷಣದ ಪ್ರಮಾಣಪತ್ರ ತೋರಿಸದೆ ಲೈಸೆನ್ಸ್ ಪಡೆಯಲಾಗದು. ಭಾರತದಿಂದ ಬಂದ ನಮ್ಮಲ್ಲಿ ಬಹುತೇಕರಿಗೆ ಅದು ಇರುವುದಿಲ್ಲವಾದ್ದರಿಂದ ವರ್ಷದ ಮೊದಲೇ ಮುಗಿಸಿಕೊಳ್ಳಬೇಕು. ಟೆಕ್ಸಾಸ್‌ನಲ್ಲಿರುವವರಿಗೆ ಅಭ್ಯಾಸಕ್ಕೆ ಒಳ್ಳೆಯ ದಾರಿಯೊಂದಿದೆ: 1930ರ ದಶಕದಲ್ಲಿ ಇಲ್ಲಿಗೆ ತಂದ, ಈಗ ಹಿಲ್ ಕಂಟ್ರಿಯಲ್ಲಿ ಸ್ವಚ್ಛಂದವಾಗಿ ಹಬ್ಬಿರುವ ನಮ್ಮದೇ ಚುಕ್ಕೆ ಜಿಂಕೆಯ ಬೇಟೆ ವರ್ಷವಿಡೀ ತೆರೆದಿರುತ್ತದೆ, ಆ ಚುರುಕು ಪ್ರಾಣಿಯ ಹತ್ತಿರ ಹೋಗಬಲ್ಲವನ ಕಾಲು ಕಾಡಿನಲ್ಲಿ ಸದ್ದು ಮಾಡುವುದಿಲ್ಲ. ಎತ್ತರಕ್ಕೆ ಮಾತ್ರ ಇಲ್ಲಿ ಅಭ್ಯಾಸವಿಲ್ಲ. ಎಲ್ಕ್ ಡೇರೆಗಳು 2,500ರಿಂದ 3,300 ಮೀಟರ್ ಎತ್ತರದಲ್ಲಿರುವುದು ಸಾಮಾನ್ಯ, ಆದ್ದರಿಂದ ಬೇಟೆ ಆರಂಭಕ್ಕೆ ಎರಡು ಮೂರು ದಿನ ಮೊದಲೇ ಹೋಗಿ ಹತ್ತಿರದ ಊರಿನಲ್ಲಿ ತಂಗುವುದು ಕ್ಷೇಮ. ಕೊಲೊರಾಡೊದಲ್ಲೇ ನೆಲೆಸಿರುವ ಕನ್ನಡಿಗರ ಲೆಕ್ಕ ಬೇರೆ: ಆರು ತಿಂಗಳ ನಿರಂತರ ವಾಸದ ನಂತರ ಸ್ಥಳೀಯರ ದರದಲ್ಲಿ ಲೈಸೆನ್ಸ್ ಸಿಗುವುದರಿಂದ, ಹತ್ತು ಸಾವಿರ ಡಾಲರ್ ಒಂದೇ ವಾರಕ್ಕೆ ಸುರಿಯುವ ಬದಲು ಪ್ರತಿ ವಾರಾಂತ್ಯ ತಾವೇ ಕಾಡು ಕಲಿಯಬಹುದು.

ನನ್ನ ಕ್ರಮಾಂಕ ಕೇಳಿದರೆ, ದೇಹ ಗಟ್ಟಿಯಿದ್ದು ಕೆಲವು ವರ್ಷ ಕಾಯಬಲ್ಲವರಿಗೆ ವಯೋಮಿಂಗ್‌ನ ವಿಲ್ಡರ್‌ನೆಸ್ ಡೇರೆ ಮೊದಲು. ಪಾಯಿಂಟ್ ಇಲ್ಲದ, ಬೇಗ ಹೋಗಬೇಕೆನ್ನುವವರಿಗೆ ಔಟ್‌ಫಿಟರ್ ಗುಂಪಿನ ಮೂಲಕ ನ್ಯೂ ಮೆಕ್ಸಿಕೊ. ವಯೋಮಿಂಗ್‌ನ ಅರ್ಜಿ ಫೆಬ್ರವರಿ ಆರಂಭದಲ್ಲೇ ಮುಗಿಯುತ್ತದೆ, ನ್ಯೂ ಮೆಕ್ಸಿಕೊದ್ದು ಮಾರ್ಚ್‌ನಲ್ಲಿ. ಔಟ್‌ಫಿಟರ್‌ಗಳು ಬಂದೂಕಿನ ಋತು ಮುಗಿಸಿ ಬೆಟ್ಟದಿಂದಿಳಿಯುವುದು ನವೆಂಬರ್ ಕೊನೆಗೆ. ಫೋನ್ ಮಾಡಿ ನಿಧಾನವಾಗಿ ಮಾತನಾಡಲು, ಹಿಂದಿನ ಗ್ರಾಹಕರ ಸಂಖ್ಯೆ ಪಡೆದು, ಬರಿಗೈಯಲ್ಲಿ ಹಿಂತಿರುಗಿದವರನ್ನೇ ಆರಿಸಿ ವಿಚಾರಿಸಲು ಡಿಸೆಂಬರ್ ತಿಂಗಳು ಸರಿಯಾದ ಸಮಯ.